ಗೊಬ್ಬರದ ಗುಂಡಿಗೆ ಹಾಕಿದ ‘ಸಸ್ಯಮೂಲ’ ಸಾಮಾನು: ಯಾವುದು ಕರಗುತ್ತೆ, ಯಾವುದು ಕರಗಲ್ಲ?

ಮೂಡಿಗೆರೆ ಹೋಂಸ್ಟೇ:

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ತೋಟದ ನಡುವೆ ಸಣ್ಣ ಹೋಂಸ್ಟೇ ನಡೆಸುತ್ತೇವೆ. ಪ್ಲಾಸ್ಟಿಕ್ ಆದಷ್ಟು ಕಡಿಮೆ ಮಾಡಬೇಕು ಅಂತ ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದೆವು. ಪೇಟೆಗೆ ಹೋದರೆ ಈಗ ಎಲ್ಲದರ ಮೇಲೂ ‘ಸಸ್ಯಮೂಲ’, ‘ಮರದ ತಿರುಳಿನಿಂದ’, ‘ಬಿದಿರಿನ ನಾರು’ ಅಂತ ಬರೆದಿರುತ್ತೆ. ಪಾತ್ರೆ ತೊಳೆಯುವ ಸ್ಪಂಜು, ವೆಟ್ ವೈಪ್ಸ್, ಸೋಪಿಗೆ ಸುತ್ತಿದ ಪಾರದರ್ಶಕ ಹಾಳೆ, ರೂಮಿಗೆ ಟವೆಲ್. ದುಡ್ಡು ಜಾಸ್ತಿ ಕೊಟ್ಟು ತಂದೆವು. ಬಳಸಿದ ಮೇಲೆ ಕಾಫಿ ಸಿಪ್ಪೆ, ಸಗಣಿ, ತರಗೆಲೆ ಜೊತೆ ಗೊಬ್ಬರದ ಗುಂಡಿಗೆ ಹಾಕಿದೆವು.

ಈ ಸಲ ಗೊಬ್ಬರ ತೆಗೆಸಿದಾಗ ನೋಡಿದರೆ ಅಡಿಕೆ ಹಾಳೆ ತಟ್ಟೆ ಒಂದೂ ಕಾಣಲಿಲ್ಲ. ಕಾಗದವೂ ಇಲ್ಲ. ಸ್ಪಂಜು ಮಣ್ಣಿನ ಹಾಗೆ ಪುಡಿಯಾಗಿತ್ತು. ವೈಪ್ಸ್ ಮಾತ್ರ ತೆಳ್ಳಗೆ ಬಲೆಯ ಹಾಗೆ ಉಳಿದಿತ್ತು, ಕೈಯಲ್ಲಿ ಎಳೆದರೆ ಹರಿಯಲಿಲ್ಲ. ಸೋಪಿನ ಹಾಳೆಯಲ್ಲಿ ಒಂದು ಬಗೆ ಮಾಯ, ಇನ್ನೊಂದು ಬಗೆ ಹೊಸದರ ಹಾಗೇ ಇದೆ. ಎಲ್ಲಕ್ಕಿಂತ ಜಾಸ್ತಿ ಸಿಕ್ಕಿದ್ದು ಗೆಸ್ಟ್‌ಗಳು ಸೇದಿ ಬಿಸಾಕಿದ ಸಿಗರೇಟಿನ ಫಿಲ್ಟರು. ಹತ್ತಿ ಅಲ್ವಾ ಅದು, ಕರಗಬೇಕಿತ್ತಲ್ಲ?

ನನ್ನ ಪ್ರಶ್ನೆ ಇಷ್ಟೇ. ಗಿಡದಿಂದ ಮಾಡಿದ್ದು ಅಂದಮೇಲೆ ಒಂದು ಯಾಕೆ ಕರಗುತ್ತೆ, ಇನ್ನೊಂದು ಯಾಕೆ ಕರಗಲ್ಲ? ಅಂಗಡಿಯಲ್ಲೇ ನೋಡಿ ಗುರುತು ಹಿಡಿಯೋಕೆ ಏನಾದರೂ ದಾರಿ ಇದೆಯಾ?

ಸಕಲೇಶಪುರ ಪ್ಲಾಂಟರ್:

ಮಾರಾಯ್ರೇ, ವೈಪ್ಸ್ ಸುಮ್ನೆ ಬಿಟ್ಟುಬಿಡಿ. ಬಿಸಿನೀರಲ್ಲಿ ಅದ್ದಿ ಹಿಂಡಿದ ಹತ್ತಿ ಬಟ್ಟೆ ತಟ್ಟೆಯಲ್ಲಿಟ್ಟು ಕೊಡಿ. ಬೆಂಗಳೂರಿನವರು ಅದರ ಫೋಟೋ ತೆಗೆದು ಹಾಕ್ತಾರೆ.

ಹಾಸನದ ಕೆಮಿಸ್ಟ್ರಿ ಮೇಷ್ಟ್ರು:

ಒಳ್ಳೆ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾದರೆ ದಾಟಿಕೊಂಡು ಹೋಗಿ.

ಇವೆಲ್ಲದರ ತಾಯಿಬೇರು ಸೆಲ್ಯುಲೋಸ್. ಗಿಡದ ಜೀವಕೋಶಗಳ ಗೋಡೆ ಅದರಿಂದಲೇ ಆಗಿರುವುದು. 1838ರಲ್ಲಿ ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ ಇದನ್ನು ಬೇರ್ಪಡಿಸಿ ತೋರಿಸಿದರು. ಹತ್ತಿಯಲ್ಲಿ ಶೇಕಡಾ 90ರಷ್ಟು ಅದೇ. ಮರದಲ್ಲಿ ಶೇಕಡಾ 40ರಿಂದ 50. ರಚನೆ ನೋಡಿದರೆ ಗ್ಲೂಕೋಸಿನ ಉದ್ದ ಸರಪಳಿ. ನಮ್ಮ ಹಾಸನದ ಆಲೂಗೆಡ್ಡೆಯ ಪಿಷ್ಟವೂ ಗ್ಲೂಕೋಸಿನ ಸರಪಳಿಯೇ. ಆದರೆ ಒಂದಕ್ಕೊಂದು ಜೋಡಿಸಿರುವ ಬಗೆ ಬೇರೆ. ಅಷ್ಟು ವ್ಯತ್ಯಾಸಕ್ಕೇ ಆಲೂಗೆಡ್ಡೆ ನಮಗೆ ಅರಗುತ್ತೆ, ಹತ್ತಿ ಅರಗುವುದಿಲ್ಲ. ಹಸುವಿನ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳಿಗೆ ಈ ಜೋಡಣೆಯನ್ನು ಬಿಡಿಸುವ ಕಿಣ್ವ ಇದೆ. ನಿಮ್ಮ ಗುಂಡಿಯಲ್ಲಿರುವ ಶಿಲೀಂಧ್ರ, ಬ್ಯಾಕ್ಟೀರಿಯಾಗಳಿಗೂ ಇದೆ. ಅದಕ್ಕೇ ಕಾಗದ ಮಾಯವಾಗಿದ್ದು.

ಈಗ ಮುಖ್ಯ ವಿಷಯ. ಪ್ರತಿ ಗ್ಲೂಕೋಸಿಗೂ ಮೂರು ಕೊಕ್ಕೆ ಇದೆ ಅಂದುಕೊಳ್ಳಿ. ಕಾರ್ಖಾನೆಯಲ್ಲಿ ಆ ಕೊಕ್ಕೆಗೆ ಬೇರೆ ಬೇರೆ ರಾಸಾಯನಿಕ ತಗುಲಿಸುತ್ತಾರೆ. ಏನು ತಗುಲಿಸಿದರು, ಮೂರರಲ್ಲಿ ಎಷ್ಟಕ್ಕೆ ತಗುಲಿಸಿದರು ಅನ್ನುವುದರ ಮೇಲೆ ವಸ್ತುವಿನ ಗುಣವೇ ಬದಲಾಗುತ್ತೆ. ಮೂರರಲ್ಲಿ ಎರಡಕ್ಕಿಂತ ಜಾಸ್ತಿ ಕೊಕ್ಕೆಗೆ ಅಸಿಟಿಕ್ ಆಮ್ಲದ ಅಂಶ ತಗುಲಿಸಿದರೆ ಸೆಲ್ಯುಲೋಸ್ ಅಸಿಟೇಟ್. ಅದು ಬಿಸಿಗೆ ಮೆತ್ತಗಾಗುತ್ತೆ, ಅಸಿಟೋನಿನಲ್ಲಿ ಕರಗುತ್ತೆ, ಪ್ಲಾಸ್ಟಿಕ್ಕಿನ ಹಾಗೇ ನಡೆದುಕೊಳ್ಳುತ್ತೆ. ಹೆಚ್ಚಿನ ಕೊಕ್ಕೆಗಳು ತುಂಬಿರುವುದರಿಂದ ಸೂಕ್ಷ್ಮಜೀವಿಯ ಕಿಣ್ವಕ್ಕೆ ಹಿಡಿತ ಸಿಗುವುದಿಲ್ಲ. ಮೊದಲು ಆ ಅಸಿಟೇಟ್ ಒಂದೊಂದಾಗಿ ಕಳಚಬೇಕು, ಆಮೇಲೆ ತಿನ್ನಬೇಕು. ಅದಕ್ಕೆ ವರ್ಷಗಟ್ಟಲೆ ಬೇಕು. ಸಿಗರೇಟಿನ ಫಿಲ್ಟರು ಇದೇ. ನೋಡೋಕೆ ಹತ್ತಿ, ಒಳಗೆ ಸಾವಿರಾರು ಅಸಿಟೇಟ್ ಎಳೆ. ಮೂಲ ಮರವೇ, ಸುಳ್ಳಲ್ಲ.

ಅದೇ ಸರಪಳಿಗೆ ಮೂರರಲ್ಲಿ ಸರಾಸರಿ ಒಂದಕ್ಕೂ ಕಡಿಮೆ ಕೊಕ್ಕೆಗೆ ಕಾರ್ಬಾಕ್ಸಿಮಿಥೈಲ್ ಗುಂಪು ತಗುಲಿಸಿದರೆ ನೀರಿನಲ್ಲಿ ಕರಗಿ ಗಟ್ಟಿ ಗಂಜಿಯಾಗುವ ಸಿಎಂಸಿ ಸಿಗುತ್ತೆ. ಐಸ್‌ಕ್ರೀಂ ಡಬ್ಬದ ಮೇಲೆ ಐಎನ್‌ಎಸ್ 466 ಅಂತ ಇರುವುದು ಅದೇ. ಟೂತ್‌ಪೇಸ್ಟಿನಲ್ಲೂ ಇದೆ. ಬಟ್ಟೆ ಒಗೆಯುವ ಪುಡಿಯಲ್ಲೂ ಇದೆ, ಬಿಟ್ಟ ಮಣ್ಣು ವಾಪಸ್ ಬಟ್ಟೆಗೆ ಕೂರದ ಹಾಗೆ ನೋಡಿಕೊಳ್ಳೋದು ಅದರ ಕೆಲಸ. ಮಲೆನಾಡಿನ ಕೆಂಪು ಮಣ್ಣಿಗೆ ಅದು ಬೇಕೇ ಬೇಕು.

ಸ್ಪಂಜು ಮತ್ತು ಕರಗಿದ ಆ ಹಾಳೆ ಮೂರನೇ ಜಾತಿ. ಅಲ್ಲಿ ಕೊಕ್ಕೆಗೆ ಒಂದು ರಾಸಾಯನಿಕ ತಗುಲಿಸಿ, ನಾರನ್ನು ದ್ರವ ಮಾಡಿ, ಬೇಕಾದ ಆಕಾರಕ್ಕೆ ತಂದು, ಕೊನೆಗೆ ತಗುಲಿಸಿದ್ದನ್ನು ತೆಗೆದುಬಿಡುತ್ತಾರೆ. ಉಳಿಯುವುದು ಮತ್ತೆ ಶುದ್ಧ ಸೆಲ್ಯುಲೋಸ್. ಎಳೆ ಮಾಡಿದರೆ ವಿಸ್ಕೋಸ್ ರೇಯಾನ್, ಹಾಳೆ ಮಾಡಿದರೆ ಸೆಲ್ಲೋಫೇನ್. ಗುಂಡಿಯಲ್ಲಿ ಇವು ಕಾಗದದ ಹಾಗೇ ಕರಗುತ್ತವೆ.

‘ಸಸ್ಯಮೂಲ’ ಅಂತ ಬರೆದಿದ್ದರೆ ಅದು ಎಲ್ಲಿಂದ ಹೊರಟಿತು ಅಂತ ಮಾತ್ರ ಗೊತ್ತಾಗುತ್ತೆ. ಈಗ ಏನಾಗಿದೆ ಅನ್ನೋದನ್ನ ನಾವೇ ಕೇಳಿ ತಿಳಿದುಕೊಳ್ಳಬೇಕು.

ಮೂಡಿಗೆರೆ ಹೋಂಸ್ಟೇ:

ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಹಾಗಾದರೆ ಹಾಳೆ ಎರಡು ಬಗೆ ಯಾಕಾಯ್ತು? ಎರಡಕ್ಕೂ ಅಂಗಡಿಯವರು ಸೆಲ್ಲೋಫೇನ್ ಅಂತಲೇ ಹೇಳಿದ್ದರು.

ಹಾಸನದ ಕೆಮಿಸ್ಟ್ರಿ ಮೇಷ್ಟ್ರು:

ಅಂಗಡಿಯವರು ಪಳಪಳ ಹೊಳೆಯುವ ಹಾಳೆಗೆಲ್ಲ ಸೆಲ್ಲೋಫೇನ್ ಅಂತಲೇ ಹೇಳುತ್ತಾರೆ. ನಿಜವಾದ ಸೆಲ್ಲೋಫೇನ್ ಮಾಡಿದ್ದು ಸ್ವಿಟ್ಜರ್ಲೆಂಡಿನ ಜಾಕ್ ಬ್ರಾಂಡೆನ್‌ಬರ್ಗರ್, 1908ರಲ್ಲಿ. ಹೋಟೆಲಿನ ಮೇಜುಬಟ್ಟೆಯ ಮೇಲೆ ವೈನ್ ಚೆಲ್ಲಿದ್ದು ನೋಡಿ ನೀರು ಹಿಡಿಯದ ಬಟ್ಟೆ ಮಾಡಲು ಹೊರಟವರು ಅವರು. ಬಟ್ಟೆಗೆ ಬಳಿದ ಪದರ ಹಾಳೆಯಾಗಿ ಕಿತ್ತುಬಂತು, ಬಟ್ಟೆಗಿಂತ ಅದೇ ಉಪಯೋಗಕ್ಕೆ ಬಂತು. ಈಗ ಗಿಫ್ಟಿಗೆ, ಬಿಸ್ಕತ್ತಿಗೆ ಸುತ್ತುವುದು ಹೆಚ್ಚಿನಂಶ ಪಾಲಿಪ್ರೊಪಿಲೀನ್. ಅದು ಪೆಟ್ರೋಲಿಯಂ.

ಗುರುತು ಹಿಡಿಯೋದು ಸುಲಭ. ಅಂಚಿನಲ್ಲಿ ಸಣ್ಣ ಕತ್ತರಿ ಗುರುತು ಮಾಡಿ ಎಳೆದು ನೋಡಿ ಪ್ರಯೋಜನ ಇಲ್ಲ. ಎರಡೂ ಹರಿಯುತ್ತವೆ, ಅದರಿಂದ ಗೊತ್ತಾಗಲ್ಲ. ಒಂದು ತುಂಡನ್ನು ನೀರಿನಲ್ಲಿ ಹಾಕಿಡಿ. ಸೆಲ್ಲೋಫೇನ್ ನೀರು ಕುಡಿದು ಮೆತ್ತಗಾಗಿ ಸುಕ್ಕಾಗುತ್ತೆ. ಪಾಲಿಪ್ರೊಪಿಲೀನ್ ಹಾಗೇ ತೇಲುತ್ತೆ. ಸೆಲ್ಲೋಫೇನಿಗೂ ತೇವ ತಡೆಯಲು ಕೆಲವೊಮ್ಮೆ ಮೇಲೊಂದು ಲೇಪ ಕೊಟ್ಟಿರುತ್ತಾರೆ. ಲೇಪ ಇದ್ದರೆ ಕರಗುವುದು ನಿಧಾನ.

ಬಿದಿರು ಬಟ್ಟೆ, ಚಿಕ್ಕಮಗಳೂರು:

ನಮ್ಮಲ್ಲಿ ಶೇಕಡಾ 100 ನೈಸರ್ಗಿಕ ಬಿದಿರಿನ ಟವೆಲ್, ಬೆಡ್‌ಶೀಟ್ ಸಿಗುತ್ತೆ. ರಾಸಾಯನಿಕ ಇಲ್ಲ. ಬ್ಯಾಕ್ಟೀರಿಯಾ ಬೆಳೆಯಲ್ಲ. ಹೋಂಸ್ಟೇ ಆರ್ಡರ್ ಇದ್ದರೆ ಮೆಸೇಜ್ ಮಾಡಿ.

ಸಕಲೇಶಪುರದ ಟೈಲರಕ್ಕ:

ಸರ್, ಬೇಜಾರು ಮಾಡ್ಕೋಬೇಡಿ. ಬಿದಿರನ್ನು ನಾನು ಕಣ್ಣಾರೆ ನೋಡ್ಕೊಂಡು ಬೆಳೆದಿದ್ದೇನೆ. ಬುಟ್ಟಿ ಹೆಣೆಯಬಹುದು, ಏಣಿ ಮಾಡಬಹುದು. ಅಷ್ಟು ಗಡಸು ನಾರು ಮೈಗೆ ರೇಷ್ಮೆಯ ಹಾಗೆ ಮೆತ್ತಗೆ ಕೂರಬೇಕು ಅಂದರೆ ಅದನ್ನು ಕರಗಿಸಿಯೇ ತೆಗೆದಿರಬೇಕು. ನನ್ನ ಹತ್ತಿರ ಹೊಲಿಯೋಕೆ ಬರುವ ಬಿದಿರು ಬಟ್ಟೆ ಎಲ್ಲ ರೇಯಾನೇ. ಕತ್ತರಿಯಲ್ಲಿ ಜಾರುತ್ತೆ, ಇಸ್ತ್ರಿಗೆ ಬಗ್ಗುತ್ತೆ, ಒದ್ದೆಯಾದರೆ ಭಾರವಾಗಿ ಜೋತು ಬೀಳುತ್ತೆ.

ರೇಯಾನ್ ಕೆಟ್ಟದ್ದು ಅಂತ ಅಲ್ಲ. ಬೇಸಿಗೆಗೆ ನೈಟಿ, ಕುರ್ತಾಗೆ ಅದರಷ್ಟು ತಂಪು ಯಾವುದೂ ಇಲ್ಲ. ಆದರೆ ಒದ್ದೆ ಇರುವಾಗ ಅದರ ಬಲ ಅರ್ಧದ ಹತ್ತಿರಕ್ಕೆ ಇಳಿಯುತ್ತೆ. ಹತ್ತಿ ಒದ್ದೆಯಾದರೆ ಇನ್ನೂ ಗಟ್ಟಿ. ಅದಕ್ಕೇ ರೇಯಾನ್ ಬಟ್ಟೆಯನ್ನು ಒಗೆಯೋ ಕಲ್ಲಿಗೆ ಬಡಿಯಬೇಡಿ ಅಂತ ಹೇಳಿ ಕಳಿಸ್ತೇನೆ. ಹೊಲಿಯುವ ಮೊದಲು ನೀರಿಗೆ ಹಾಕಿ ಒಣಗಿಸಿ ತನ್ನಿ ಅಂತಲೂ ಹೇಳ್ತೇನೆ, ಯಾಕೆಂದರೆ ಕುಗ್ಗುತ್ತೆ. ಕೇಳೋರು ಕಡಿಮೆ. ಒಂದು ಒಗೆತ ಆದ ಮೇಲೆ ಅಳತೆ ತಪ್ಪಿತು ಅಂತ ನನ್ನ ಹತ್ತಿರವೇ ಜಗಳ.

ಹೋಂಸ್ಟೇ ಟವೆಲ್ ದಿನಾ ಒಗೆಯಬೇಕು. ಅದಕ್ಕೆ ಹತ್ತಿಯೇ ಸರಿ.

ಬಿದಿರು ಬಟ್ಟೆ, ಚಿಕ್ಕಮಗಳೂರು:

ಕಂಪನಿಯವರು ಕೊಟ್ಟ ಸರ್ಟಿಫಿಕೇಟ್ ಇದೆ ಅಕ್ಕ.

ಹಾಸನದ ಕೆಮಿಸ್ಟ್ರಿ ಮೇಷ್ಟ್ರು:

ಅಕ್ಕ ಹೇಳಿದ್ದು ಸರಿ. ಅಮೆರಿಕದಲ್ಲಿ ಇದೇ ವಿಷಯಕ್ಕೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲೇ ಕೆಲವು ಕಂಪನಿಗಳ ಮೇಲೆ ಕ್ರಮ ತೆಗೆದುಕೊಂಡಿತು. ಬಿದಿರನ್ನು ಕರಗಿಸಿ ಮಾಡಿದ್ದರೆ ‘ಬಿದಿರಿನಿಂದ ಮಾಡಿದ ರೇಯಾನ್’ ಅಂತಲೇ ಬರೆಯಬೇಕು ಅಂತ ಹೇಳಿತು. ಬ್ಯಾಕ್ಟೀರಿಯಾ ತಡೆಯುವ ಗುಣ ರೇಯಾನ್ ಆದ ಮೇಲೂ ಉಳಿದಿದೆ ಅನ್ನುವುದಕ್ಕೂ ಆಧಾರ ಇಲ್ಲ ಅಂತ ಅವರ ವಾದ.

‘ರಾಸಾಯನಿಕ ಇಲ್ಲ’ ಅನ್ನೋದಂತೂ ದೂರದ ಮಾತು. ವಿಸ್ಕೋಸ್ ವಿಧಾನವನ್ನು 1892ರಲ್ಲಿ ಇಂಗ್ಲೆಂಡಿನ ಕ್ರಾಸ್, ಬೆವನ್, ಬೀಡಲ್ ಅನ್ನುವ ಮೂವರು ಪೇಟೆಂಟ್ ಮಾಡಿದರು. ತಿರುಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಸೇರಿಸಿದರೆ ಜೇನುತುಪ್ಪದ ಬಣ್ಣದ ಗಟ್ಟಿ ದ್ರವವಾಗುತ್ತೆ. ಅದನ್ನು ಸಣ್ಣ ತೂತುಗಳಿಂದ ಆಮ್ಲದ ತೊಟ್ಟಿಗೆ ಬಿಟ್ಟರೆ ಎಳೆಯಾಗಿ ಗಟ್ಟಿಯಾಗುತ್ತೆ. ಆ ಕಾರ್ಬನ್ ಡೈಸಲ್ಫೈಡ್ ನರಕ್ಕೂ ಹೃದಯಕ್ಕೂ ಕೆಟ್ಟದ್ದು. ಹಳೇ ಕಾಲದ ರೇಯಾನ್ ಕಾರ್ಖಾನೆಗಳಲ್ಲಿ ಕೆಲಸಗಾರರು ಅದರಿಂದ ಬಹಳ ಅನುಭವಿಸಿದ್ದಾರೆ. ಉಡುವವರಿಗೆ ತೊಂದರೆ ಇಲ್ಲ, ಎಳೆಯಲ್ಲಿ ಅದು ಉಳಿಯುವುದಿಲ್ಲ. ತೊಂದರೆ ಎಲ್ಲ ಮಾಡುವ ಜಾಗದಲ್ಲಿ. ಲಯೋಸೆಲ್ ಅನ್ನುವ ಇನ್ನೊಂದು ವಿಧಾನದಲ್ಲಿ ಬೇರೆ ದ್ರಾವಕ ಬಳಸಿ, ಅದರಲ್ಲಿ ಶೇಕಡಾ 99ರಷ್ಟನ್ನು ವಾಪಸ್ ಹಿಡಿದು ಮತ್ತೆ ಬಳಸುತ್ತಾರೆ. ರೇಟು ಸ್ವಲ್ಪ ಜಾಸ್ತಿ. ದುಡ್ಡು ಹೆಚ್ಚು ಕೊಡುವುದಾದರೆ ಅದಕ್ಕೆ ಕೊಡಬಹುದು.

ಕಡೂರು ರೈತ:

ಮಾಡುವ ಜಾಗದಲ್ಲಿ ತೊಂದರೆ ಅಂದ್ರಲ್ಲ ಮೇಷ್ಟ್ರೇ, ಬೆಳೆಯುವ ಜಾಗದ್ದೂ ಹೇಳಿ. ನಮ್ಮ ಬಯಲುಸೀಮೆ ಕಡೆಯವರಿಗೆ ರೇಯಾನ್ ಅಂದರೆ ನೀಲಗಿರಿ ಮರ. ಹರಿಹರದ ಹತ್ತಿರ ಕುಮಾರಪಟ್ಟಣದಲ್ಲಿ ರೇಯಾನಿಗೆ ಬೇಕಾದ ತಿರುಳು ಮಾಡುವ ಕಾರ್ಖಾನೆ 1970ರ ದಶಕದಿಂದಲೂ ಇದೆ. ಅದಕ್ಕೆ ಮರ ಬೇಕು ಅಂತ 80ರ ದಶಕದಲ್ಲಿ ಗೋಮಾಳ, ಹುಲ್ಲುಗಾವಲು ಎಲ್ಲ ನೀಲಗಿರಿಗೆ ಹೋಗುವ ಯೋಜನೆ ಬಂತು. ಆಗ ಹಾವೇರಿ ಕಡೆ ಕುಸನೂರಿನಲ್ಲಿ 1987ರಲ್ಲಿ ‘ಕಿತ್ತಿಕೊ ಹಚ್ಚಿಕೊ’ ಅಂತ ಜನ ಹೋರಾಟ ಮಾಡಿದರು. ನೀಲಗಿರಿ ಸಸಿ ಕಿತ್ತು, ಊರಿಗೆ ಉಪಯೋಗ ಆಗುವ ಗಿಡ ನೆಟ್ಟರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅದರ ಮುಂದಾಳು.

ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧ ಮಾಡಿದ್ದು 2017ರಲ್ಲಿ. ಮೂವತ್ತು ವರ್ಷ ಬೇಕಾಯ್ತು. ಕಡೂರು, ಅರಸೀಕೆರೆ ಸುತ್ತ ಈಗಲೂ ಕಡಿದ ಬುಡದಿಂದ ಮತ್ತೆ ಚಿಗುರಿದ ನೀಲಗಿರಿ ನಿಂತಿದೆ. ಒಂದು ಸಲ ನೆಟ್ಟರೆ ಅದು ಬಿಟ್ಟುಹೋಗಲ್ಲ. ‘ಮರದ ತಿರುಳಿನಿಂದ ಮಾಡಿದ್ದು’ ಅಂತ ಪ್ಯಾಕೆಟ್ ಮೇಲೆ ಹಸಿರು ಎಲೆ ಚಿತ್ರ ಹಾಕುತ್ತಾರಲ್ಲ, ಯಾವ ಮರ, ಯಾರ ಜಮೀನು ಅಂತಲೂ ಬರೆಯಲಿ.

ಸಕಲೇಶಪುರ ಪ್ಲಾಂಟರ್:

ಭದ್ರಾವತಿ ಪೇಪರ್ ಮಿಲ್ಲಿಗೆ ನಮ್ಮ ಕಡೆ ಬಿದಿರು ಲಾರಿ ಲಾರಿ ಹೋಗುತ್ತಿದ್ದ ಕಾಲವೂ ಇತ್ತು. ಆಗ ಅದನ್ನು ಯಾರೂ ಪರಿಸರಸ್ನೇಹಿ ಅನ್ನುತ್ತಿರಲಿಲ್ಲ.

ಬೇಲೂರಿನ ಗೃಹಿಣಿ:

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಮೇಷ್ಟ್ರು ಸಿಎಂಸಿ ಅಂತ ಬರೆದಿದ್ದು ನೋಡಿ ಗಾಬರಿಯಾಯ್ತು. ನಮ್ಮ ಅತ್ತೆಗೆ ಕಣ್ಣು ಒಣಗುತ್ತೆ ಅಂತ ಡಾಕ್ಟರ್ ಕೊಟ್ಟ ಹನಿ ಔಷಧಿ ಮೇಲೂ ‘ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ 0.5%’ ಅಂತ ಇದೆ. ಸೋಪಿನ ಪುಡಿಗೆ ಹಾಕುವುದನ್ನು ಕಣ್ಣಿಗೆ ಹಾಕುವುದಾ?

ಹಾಸನದ ಮೆಡಿಕಲ್ ಶಾಪ್:

ಅಕ್ಕ, ಗಾಬರಿ ಬೇಡ. ವಸ್ತು ಅದೇ, ಶುದ್ಧತೆ ಬೇರೆ. ಔಷಧಿಯ ದರ್ಜೆಯದ್ದನ್ನು ಬೇರೆಯಾಗಿ ಶುದ್ಧ ಮಾಡಿ, ಕ್ರಿಮಿರಹಿತವಾಗಿ ತುಂಬಿರುತ್ತಾರೆ. ಅದು ಕಣ್ಣಿನ ಮೇಲೆ ನೀರನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುತ್ತೆ. ಬರೀ ನೀರು ಹಾಕಿದರೆ ರೆಪ್ಪೆ ಎರಡು ಸಲ ಬಡಿಯುವಷ್ಟರಲ್ಲಿ ಹರಿದುಹೋಗುತ್ತೆ. ಹನಿ ಹಾಕಿದ ತಕ್ಷಣ ಅತ್ತೆಯವರಿಗೆ ಸ್ವಲ್ಪ ಮಂಜು ಮಂಜಾಗಿ ಕಾಣಬಹುದು, ಅದು ಆ ಗಟ್ಟಿತನಕ್ಕೆ. ಬಾಟಲಿ ಒಡೆದ ಮೇಲೆ ಎಷ್ಟು ದಿನ ಬಳಸಬಹುದು ಅಂತ ಅದರ ಮೇಲೆ ಬರೆದಿರುತ್ತೆ, ಸಾಮಾನ್ಯವಾಗಿ ಒಂದು ತಿಂಗಳು. ಉಳಿದಿದೆ ಅಂತ ಮುಂದಿನ ವರ್ಷಕ್ಕೆ ಇಡಬೇಡಿ. ನಮ್ಮ ಊರಲ್ಲಿ ಇದೊಂದು ದೊಡ್ಡ ಕಾಯಿಲೆ.

ನಿಜ ಹೇಳಬೇಕೆಂದರೆ ಔಷಧಿ ಅಂಗಡಿ ಪೂರ್ತಿ ಸೆಲ್ಯುಲೋಸಿನ ಮೇಲೆ ನಿಂತಿದೆ. ಒಂದು ಮಾತ್ರೆಯಲ್ಲಿ ಔಷಧಿ 5 ಮಿಲಿಗ್ರಾಂ ಇರುತ್ತೆ ಅಂದುಕೊಳ್ಳಿ, ಅಷ್ಟನ್ನು ಕೈಯಲ್ಲಿ ಹಿಡಿಯೋಕೂ ಆಗಲ್ಲ. ಉಳಿದ ಗಾತ್ರಕ್ಕೆ ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್ ಹಾಕಿ ಒತ್ತಿರುತ್ತಾರೆ. ಹೊಟ್ಟೆಗೆ ಹೋದ ತಕ್ಷಣ ಉಬ್ಬಿ ಮಾತ್ರೆ ಒಡೆಯಲಿ ಅಂತ ಕ್ರಾಸ್‌ಕಾರ್ಮೆಲೋಸ್. ಅದು ಸಿಎಂಸಿಯ ತಮ್ಮನೇ. ನುಂಗುವಾಗ ಕಹಿ ತಾಗದಿರಲಿ ಅಂತ ಮೇಲೆ ಎಚ್‌ಪಿಎಂಸಿ ಅನ್ನುವ ಇನ್ನೊಂದು ಬಗೆಯ ಸೆಲ್ಯುಲೋಸಿನ ಲೇಪ. ನಿಧಾನ ಬಿಡುಗಡೆ ಆಗಬೇಕು ಅಂದರೆ ಅದೇ ಎಚ್‌ಪಿಎಂಸಿ ಜಾಸ್ತಿ ಪ್ರಮಾಣದಲ್ಲಿ. ಹೊಟ್ಟೆಯಲ್ಲಿ ಲೋಳೆ ಕಟ್ಟಿ ಔಷಧಿಯನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತೆ.

ಈ ಕಡೆಯದಕ್ಕೆ ಒಂದು ಮಾತು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಎಸ್‌ಆರ್ (ನಿಧಾನ ಬಿಡುಗಡೆಯ ಮಾತ್ರೆ) ತೆಗೆದುಕೊಳ್ಳುವ ಕೆಲವರು ‘ಮಾತ್ರೆ ಕರಗದೆ ಹಾಗೇ ಹೊರಗೆ ಬಂತು, ನೀವು ಡೂಪ್ಲಿಕೇಟ್ ಕೊಟ್ಟಿದ್ದೀರಿ’ ಅಂತ ಅಂಗಡಿಗೆ ಬಂದು ಕೂಗಾಡುತ್ತಾರೆ. ಔಷಧಿ ಒಳಗೇ ಬಿಟ್ಟಿರುತ್ತೆ. ಹೊರಗೆ ಬರೋದು ಮೆತ್ತಗಿನ ಖಾಲಿ ಗೂಡು. ಮೇಷ್ಟ್ರು ಹೇಳಿದ್ದೇ ಕಾರಣ, ಸೆಲ್ಯುಲೋಸ್ ನಮಗೆ ಅರಗಲ್ಲ. ದಯವಿಟ್ಟು ಎಸ್‌ಆರ್, ಎಕ್ಸ್‌ಆರ್ ಅಂತ ಬರೆದ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಮುರಿದು, ಪುಡಿ ಮಾಡಿ ತೆಗೆದುಕೊಳ್ಳಬೇಡಿ. ಇಡೀ ದಿನದ ಔಷಧಿ ಒಟ್ಟಿಗೆ ಒಳಗೆ ಹೋಗುತ್ತೆ.

ಶ್ರವಣಬೆಳಗೊಳದ ಕಡೆಯ ಗಿರಾಕಿಗಳು ಕ್ಯಾಪ್ಸೂಲ್ ಬಗ್ಗೆ ವಿಚಾರಿಸುತ್ತಾರೆ. ಮಾಮೂಲಿ ಕ್ಯಾಪ್ಸೂಲ್ ಜೆಲಾಟಿನ್, ಅಂದರೆ ಪ್ರಾಣಿಯ ಮೂಳೆ, ಚರ್ಮದಿಂದ ಬಂದದ್ದು. ಎಚ್‌ಪಿಎಂಸಿ ಕ್ಯಾಪ್ಸೂಲ್ ಪೂರ್ತಿ ಸಸ್ಯದ್ದು. ಎಲ್ಲ ಔಷಧಿಗೂ ಅದು ಸಿಗಲ್ಲ, ಸಿಗುವ ಕಡೆ ಕೊಡುತ್ತೇವೆ.

ಬೇಲೂರಿನ ಗೃಹಿಣಿ:

ತುಂಬಾ ಉಪಕಾರ ಆಯ್ತು ಅಣ್ಣ. ಹಾಗಾದರೆ ಐಸ್‌ಕ್ರೀಂನಲ್ಲಿ ಇರುವುದೂ ಪರವಾಗಿಲ್ವಾ? ಮಕ್ಕಳು ಬಿಡಲ್ಲ.

ಹಾಸನದ ಕೆಮಿಸ್ಟ್ರಿ ಮೇಷ್ಟ್ರು:

ಐಸ್‌ಕ್ರೀಂಗೆ ಹಾಕುವುದು ಮಂಜಿನ ಹರಳು ದೊಡ್ಡದಾಗದಿರಲಿ ಅಂತ. ಕರೆಂಟು ಹೋಗಿ ಬಂದು ಮಾಡಿದಾಗ ಅರ್ಧ ಕರಗಿ ಮತ್ತೆ ಗಟ್ಟಿಯಾದರೆ ಬಾಯಲ್ಲಿ ಮರಳು ಮರಳು ಅನಿಸುತ್ತಲ್ಲ, ಅದನ್ನು ತಡೆಯುತ್ತೆ. 100 ಗ್ರಾಂ ಐಸ್‌ಕ್ರೀಂನಲ್ಲಿ ಇಂಥ ಅಂಟುಗಳೆಲ್ಲ ಸೇರಿ ಸಾಮಾನ್ಯವಾಗಿ ಅರ್ಧ ಗ್ರಾಂ ದಾಟುವುದಿಲ್ಲ.

ವಾದ ಇಲ್ಲ ಅಂತೇನೂ ಅಲ್ಲ. 2015ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನದಲ್ಲಿ ಸಿಎಂಸಿ ಕೊಟ್ಟಾಗ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಏರುಪೇರು, ಸ್ವಲ್ಪ ಉರಿಯೂತ ಕಂಡಿತು. 2022ರಲ್ಲಿ ಮನುಷ್ಯರ ಮೇಲೂ ಒಂದು ಸಣ್ಣ ಪ್ರಯೋಗ ಆಯ್ತು. ಒಟ್ಟು 16 ಜನ. ಅವರಲ್ಲಿ ಕೆಲವರಿಗೆ ದಿನಕ್ಕೆ 15 ಗ್ರಾಂನಂತೆ 11 ದಿನ ಕೊಟ್ಟರು. ಅವರಲ್ಲೂ ಕರುಳಿನ ಬ್ಯಾಕ್ಟೀರಿಯಾ ಬದಲಾಯಿತು, ಊಟದ ನಂತರ ಹೊಟ್ಟೆಯ ಕಿರಿಕಿರಿ ಹೆಚ್ಚಿತು. 15 ಗ್ರಾಂ ಅಂದರೆ ಮೂರು ಕಿಲೋ ಐಸ್‌ಕ್ರೀಂ ತಿಂದಷ್ಟು. ಜಾತ್ರೆಯಲ್ಲಿ ಒಂದು ಕೋನ್ ತಿಂದರೆ ಹೆದರಬೇಕಿಲ್ಲ. ದಿನಾ ಪ್ಯಾಕೆಟ್ ತಿಂಡಿಯ ಮೇಲೇ ಬದುಕುವವರು ಸ್ವಲ್ಪ ಯೋಚನೆ ಮಾಡಬೇಕು. ಅವರು ಸಕ್ಕರೆ, ಉಪ್ಪಿನ ಬಗ್ಗೆ ಮೊದಲು ಯೋಚಿಸಲಿ ಅನ್ನುವುದು ನನ್ನ ಅಭಿಪ್ರಾಯ.

ಅರಸೀಕೆರೆ ಗಾರೆ ಕೆಲಸ:

ಮೆಡಿಕಲ್ ಶಾಪ್ ಅಣ್ಣ ಎಚ್‌ಪಿಎಂಸಿ ಅಂದ್ರಲ್ಲ, ನಮ್ಮ ಟೈಲ್ಸ್ ಅಂಟಿಸುವ ಪುಡಿಗೆ ಹಾಕುವುದೂ ಅದೇನಾ? ಡೀಲರು ‘ಸೆಲ್ಯುಲೋಸ್ ಇರುವ ಮಾಲು’ ಅಂತ ಹೇಳಿ ಮೂಟೆಗೆ ಜಾಸ್ತಿ ತಗೋತಾನೆ.

ಹಾಸನದ ಕೆಮಿಸ್ಟ್ರಿ ಮೇಷ್ಟ್ರು:

ಅದೇ ಬಳಗ. ಸಿಮೆಂಟು ಗಟ್ಟಿಯಾಗೋಕೆ ನೀರು ಬೇಕು. ಒಣ ಇಟ್ಟಿಗೆ, ಒಣ ಟೈಲು ಆ ನೀರನ್ನು ಎಳೆದುಕೊಂಡುಬಿಡುತ್ತೆ. ಎಚ್‌ಪಿಎಂಸಿ ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತೆ. ಎಮಲ್ಷನ್ ಪೇಂಟಿಗೆ ಅದರ ಅಣ್ಣ ಹೈಡ್ರಾಕ್ಸಿಎಥೈಲ್ ಸೆಲ್ಯುಲೋಸ್ ಹಾಕುತ್ತಾರೆ, ಬ್ರಷ್ಷಿನಿಂದ ತೊಟ್ಟಿಕ್ಕದಿರಲಿ ಅಂತ.

ಅರಸೀಕೆರೆ ಗಾರೆ ಕೆಲಸ:

ಸರಿ ಹಾಗಾದ್ರೆ. ಮಾರ್ಚಿ ಬಿಸಿಲಿಗೆ ಕಡಿಮೆ ರೇಟಿನ ಪುಟ್ಟಿ ಬಳಿದರೆ ಪಟ್ಟಿ ಎಳೆಯುವಷ್ಟರಲ್ಲಿ ಗೋಡೆ ನೀರು ಕುಡಿದು ಪುಡಿ ಪುಡಿ ಉದುರುತ್ತೆ. ಒಳ್ಳೆ ಮಾಲು ಆದರೆ ಬೆಣ್ಣೆ ಹಂಗೆ ಎಳಿಯುತ್ತೆ, ಟೈಲು ಇಟ್ಟ ಮೇಲೂ ಸ್ವಲ್ಪ ಹೊತ್ತು ಆಚೆ ಈಚೆ ಸರಿಸಬಹುದು. ಮನೆ ಮಾಲೀಕರಿಗೆ ಮೂಟೆಗೆ ಐವತ್ತು ರೂಪಾಯಿ ಉಳಿಸುವ ಆಸೆ. ಆಮೇಲೆ ಟೈಲು ಬಡಿದರೆ ಡಬ್ ಡಬ್ ಅನ್ನುತ್ತೆ ಅಂತ ಮೇಸ್ತ್ರಿಗೆ ಬೈಗುಳ.

ಡಿಗ್ರಿ ಸ್ಟೂಡೆಂಟ್, ಹಾಸನ:

ಸರ್, ಬಟ್ಟೆಯನ್ನು ಸುಟ್ಟು ನೋಡಿ ಗುರುತು ಹಿಡಿಯಬಹುದು ಅಂತ ಲ್ಯಾಬಿನಲ್ಲಿ ಹೇಳಿದ್ದರು. ಹತ್ತಿ, ರೇಯಾನ್ ಕಾಗದ ಸುಟ್ಟ ವಾಸನೆ. ರೇಷ್ಮೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತೆ. ಹೋಂಸ್ಟೇಯವರು ಹಾಗೇ ಎಲ್ಲವನ್ನೂ ಪರೀಕ್ಷೆ ಮಾಡಬಹುದಲ್ವಾ? ನಮ್ಮ ಅಜ್ಜಿಯ ಹತ್ತಿರ ಆಮೆಚಿಪ್ಪಿನ ಬಣ್ಣದ ಹಳೇ ಬಾಚಣಿಗೆ ಇದೆ. ಅದೂ ಇಂಥದ್ದೇ ಇರಬಹುದು, ಇವತ್ತು ಸುಟ್ಟು ನೋಡುತ್ತೇನೆ.

ಹಾಸನದ ಕೆಮಿಸ್ಟ್ರಿ ಮೇಷ್ಟ್ರು:

ಬಾಚಣಿಗೆ ಮುಟ್ಟಬೇಡ! ಬೆಂಕಿ ಹತ್ತಿರ ತರಲೇಬೇಡ.

ಆ ಕಾಲದ ಬಾಚಣಿಗೆ, ಬಳೆ, ಗೊಂಬೆ ಎಷ್ಟೋ ಸೆಲ್ಯುಲಾಯ್ಡ್. ಅದೇ ಸರಪಳಿಯ ಕೊಕ್ಕೆಗೆ ನೈಟ್ರಿಕ್ ಆಮ್ಲದ ಅಂಶ ತಗುಲಿಸಿ, ಕರ್ಪೂರ ಬೆರೆಸಿ ಮಾಡಿದ್ದು. ನೈಟ್ರೇಟ್ ಪೂರ್ತಿ ತಗುಲಿಸಿದರೆ ಅದು ಬಾಚಣಿಗೆ ಅಲ್ಲ, ಸಿಡಿಮದ್ದು. 1846ರಲ್ಲಿ ಶೋನ್‌ಬೈನ್ ಅನ್ನುವವರು ಹತ್ತಿಯಿಂದ ಹಾಗೆ ಸಿಡಿಹತ್ತಿ ಮಾಡಿದರು. ಊಟಿ ಹತ್ತಿರದ ಅರುವಂಕಾಡಿನಲ್ಲಿ ಬ್ರಿಟಿಷರ ಕಾಲದ ಕಾರ್ಡೈಟ್ ಅನ್ನುವ ಸಿಡಿಮದ್ದಿನ ಕಾರ್ಖಾನೆ ಇದೆಯಲ್ಲ, ಅದರ ಮೂಲ ಸರಕೂ ಇದೇ. ಬಾಚಣಿಗೆಯಲ್ಲಿ ನೈಟ್ರೇಟ್ ಕಡಿಮೆ, ಸಿಡಿಯುವುದಿಲ್ಲ. ಆದರೆ ಭಗ್ಗನೆ ಹತ್ತಿಕೊಳ್ಳುತ್ತೆ, ಹತ್ತಿದರೆ ಆರಿಸೋದು ಕಷ್ಟ.

ಹಳೇ ಸಿನಿಮಾ ರೀಲುಗಳೂ ಇದರದ್ದೇ. ಎಕ್ಸ್‌ರೇ ಫಿಲಂ ಕೂಡ. 1929ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ಫಿಲಂ ರಾಶಿಗೆ ಬೆಂಕಿ ಬಿದ್ದು 123 ಜನ ಸತ್ತರು. ಬೆಂಕಿಗಿಂತ ಹೊರಟ ವಿಷಗಾಳಿಗೇ ಹೆಚ್ಚು ಜನ ಹೋದರು. ಆಮೇಲೆ ನಿಧಾನವಾಗಿ ಎಲ್ಲರೂ ಅಸಿಟೇಟ್ ಫಿಲಂಗೆ ಬಂದರು.

ಗುರುತು ಹಿಡಿಯಬೇಕು ಅಂದರೆ ಬಾಚಣಿಗೆಯನ್ನು ಬೆರಳಿನಲ್ಲಿ ಜೋರಾಗಿ ಉಜ್ಜಿ ಮೂಸಿ ನೋಡು. ಕರ್ಪೂರದ ವಾಸನೆ ಬಂದರೆ ಅದೇ. ಒಲೆ, ದೀಪದಿಂದ ದೂರ ಇಡು. ಡಬ್ಬಿಯಲ್ಲಿ ಮುಚ್ಚಿಡಬೇಡ, ಗಾಳಿ ಆಡಲಿ. ಟೇಬಲ್ ಟೆನಿಸ್ ಚೆಂಡು ಕೂಡ 2014ರವರೆಗೆ ದೊಡ್ಡ ಪಂದ್ಯಗಳಲ್ಲಿ ಸೆಲ್ಯುಲಾಯ್ಡಿನದ್ದೇ. ಉಗುರಿಗೆ ಹಚ್ಚುವ ಪಾಲಿಷಿನ ಹೊಳಪಿಗೆ ಇವತ್ತಿಗೂ ನೈಟ್ರೋಸೆಲ್ಯುಲೋಸೇ.

ಡಿಗ್ರಿ ಸ್ಟೂಡೆಂಟ್, ಹಾಸನ:

ಮೂಸಿ ನೋಡಿದೆ ಸರ್. ಕರ್ಪೂರ. ಅಜ್ಜಿಯ ದೇವರ ಮನೆಯ ಗೂಡಿನಲ್ಲಿ ದೀಪದ ಪಕ್ಕದಲ್ಲೇ ಇತ್ತು. ತೆಗೆದು ಅಟ್ಟಕ್ಕೆ ಇಟ್ಟೆ.

ಹಾಸನದ ಮೆಡಿಕಲ್ ಶಾಪ್:

ಅಟ್ಟ ಹೆಂಚಿನ ಕೆಳಗೆ ಕಾದಿರುತ್ತೆ ತಮ್ಮಾ. ತಂಪಾಗಿರುವ ಗೋಡೆ ಗೂಡಿನಲ್ಲಿ ಇಡು.

ಮೂಡಿಗೆರೆ ಹೋಂಸ್ಟೇ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವೈಪ್ಸ್ ಪ್ಯಾಕೆಟ್ ತಿರುಗಿಸಿ ಓದಿದೆ. ಮುಂದೆ ದೊಡ್ಡದಾಗಿ ‘ಸಸ್ಯದ ನಾರು’. ಹಿಂದೆ ಸಣ್ಣ ಅಕ್ಷರದಲ್ಲಿ ವಿಸ್ಕೋಸ್ ಮತ್ತು ಪಾಲಿಯೆಸ್ಟರ್. ಬಲೆಯ ಹಾಗೆ ಉಳಿದಿದ್ದು ಯಾವುದು ಅಂತ ಈಗ ಗೊತ್ತಾಯ್ತು.

ಸಿಗರೇಟಿಗೆ ಏನು ಮಾಡಲಿ? ಸೇದಬೇಡಿ ಅಂತ ಬೋರ್ಡ್ ಹಾಕಿದರೆ ತೋಟದೊಳಗೆ ಹೋಗಿ ಸೇದಿ ಅಲ್ಲೇ ಬಿಸಾಕ್ತಾರೆ.

ಸಕಲೇಶಪುರ ಪ್ಲಾಂಟರ್:

ಬೋರ್ಡ್ ಬೇಡ. ಜಗುಲಿ ಹೊರಗೆ ಒಂದು ಕಡೆ ಕಲ್ಲು ಬೆಂಚು ಹಾಕಿ, ಪಕ್ಕದಲ್ಲಿ ಮರಳು ತುಂಬಿದ ಡಬ್ಬ ಇಡಿ. ಸೇದುವವರಿಗೆ ಕೂರೋಕೆ ಜಾಗ ಇದ್ದರೆ ತೋಟಕ್ಕೆ ಹೋಗಲ್ಲ. ನಮ್ಮಲ್ಲಿ ಹಾಗೆ ಮಾಡಿದ ಮೇಲೆ ಹಳ್ಳದ ಬದಿಯಲ್ಲಿ ತುಂಡು ಕಾಣೋದು ಬಹಳ ಕಡಿಮೆ. ಬೀಡಿ ಸೇದುವ ಆಳುಗಳ ತುಂಡು ಮಾತ್ರ ಒಂದೂ ಉಳಿಯಲ್ಲ, ಎಲೆ ತಾನೇ.

ಹಾಸನದ ಕೆಮಿಸ್ಟ್ರಿ ಮೇಷ್ಟ್ರು:

ಹಳ್ಳ ಅಂದಿದ್ದಕ್ಕೆ ಹೇಳುತ್ತೇನೆ. ಸೇದಿದ ಫಿಲ್ಟರಿನಲ್ಲಿ ನಿಕೋಟಿನ್, ಇನ್ನೂ ಏನೇನೋ ಹೀರಿಕೊಂಡಿರುತ್ತೆ. ಒಂದು ಲೀಟರ್ ನೀರಿಗೆ ಒಂದು ತುಂಡಿನಷ್ಟು ಸೇರಿದರೆ ಅರ್ಧದಷ್ಟು ಮೀನು ಸಾಯುತ್ತವೆ ಅಂತ 2011ರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗ ತೋರಿಸಿತು. ಹಾಗಾಗಿ ಕರಗುತ್ತೋ ಇಲ್ಲವೋ ಅನ್ನುವ ಮಾತು ಬಿಡಿ, ಗೊಬ್ಬರಕ್ಕಂತೂ ಸೇರಿಸಬೇಡಿ. 2022ರ ಜುಲೈ 1ರಿಂದ ಜಾರಿಗೆ ಬಂದ ಪ್ಲಾಸ್ಟಿಕ್ ನಿಷೇಧದಲ್ಲಿ ಸಿಗರೇಟ್ ಪ್ಯಾಕಿನ ಮೇಲೆ ಸುತ್ತುವ ಪ್ಲಾಸ್ಟಿಕ್ ಹಾಳೆ ಸೇರಿದೆ. ಒಳಗಿರುವ ಫಿಲ್ಟರು ಆ ಪಟ್ಟಿಯಲ್ಲಿ ಇಲ್ಲ. ನನಗೆ ಇದು ವಿಚಿತ್ರ ಅನಿಸುತ್ತೆ.

ಸಕಲೇಶಪುರದ ಟೈಲರಕ್ಕ:

ಹೋಂಸ್ಟೇಯವರೇ, ಹಳೇ ಹತ್ತಿ ಬೆಡ್‌ಶೀಟ್ ಗುಂಡಿಗೆ ಹಾಕುವಾಗ ಅಂಚು ಕತ್ತರಿಸಿ ತೆಗೆಯಿರಿ. ಬಟ್ಟೆ ಹತ್ತಿಯಾದರೂ ಹೊಲಿದ ದಾರ ಪಾಲಿಯೆಸ್ಟರ್. ಬಟ್ಟೆ ಮಣ್ಣಾಗಿ ಹೊಲಿಗೆ ಸಾಲು ಮಾತ್ರ ಉಳಿಯುತ್ತೆ, ಅದು ಗುದ್ದಲಿಗೆ ಸಿಕ್ಕಿಕೊಳ್ಳುತ್ತೆ. ಹತ್ತಿ ದಾರದಲ್ಲಿ ಹೊಲಿದುಕೊಡಿ ಅಂತ ಕೇಳಬೇಡಿ, ಮಿಷನ್ನಿನಲ್ಲಿ ಪದೇ ಪದೇ ತುಂಡಾಗುತ್ತೆ.

ಮೂಡಿಗೆರೆ ಹೋಂಸ್ಟೇ:

ಸರಿ ಅಕ್ಕ. ಕೊನೆಯದಾಗಿ ಒಂದು. ಗೆಸ್ಟ್‌ಗಳಿಗೆ ನಮ್ಮ ತೋಟದ ಕಾಫಿ ಪುಡಿ ಕಾಲು ಕಿಲೋ ಪ್ಯಾಕೆಟ್ ಮಾಡಿ ಮಾರುತ್ತೇವೆ. ಆ ನಿಜವಾದ ಸೆಲ್ಲೋಫೇನಿನಲ್ಲಿ ಪ್ಯಾಕ್ ಮಾಡಬಹುದಾ?

ಕ್ಯೂರಿಂಗ್ ವರ್ಕ್ಸ್, ಚಿಕ್ಕಮಗಳೂರು:

ಮಾಡಬೇಡಿ. ಲೇಪ ಇಲ್ಲದ ಸೆಲ್ಲೋಫೇನ್ ಎಣ್ಣೆ, ವಾಸನೆಯನ್ನು ಚೆನ್ನಾಗಿ ತಡೆಯುತ್ತೆ, ಆದರೆ ತೇವವನ್ನು ಒಳಗೆ ಬಿಡುತ್ತೆ. ಆಷಾಢದ ಮಳೆಯಲ್ಲಿ ಎರಡೇ ದಿನಕ್ಕೆ ಪುಡಿ ಗಂಟು ಕಟ್ಟುತ್ತೆ, ಚಿಕೋರಿ ಸೇರಿದ್ದರೆ ಇನ್ನೂ ಬೇಗ. ಮನೆಗೆ ಒಯ್ಯುವವರಿಗೆ ಅಲ್ಯೂಮಿನಿಯಂ ಪದರದ ಪೌಚೇ ಸರಿ, ಅದು ಗೊಬ್ಬರಕ್ಕೆ ಹೋಗಲ್ಲ ಅಂತ ಒಪ್ಪಿಕೊಂಡೇ ಕೊಡಿ. ಉಳಿದುಕೊಳ್ಳುವ ಗೆಸ್ಟ್‌ಗಳಿಗೆ ಸ್ಟೀಲ್ ಡಬ್ಬದಲ್ಲಿಡಿ. ಇಲ್ಲವೇ ಪುಡಿ ಬೇಡ, ಹುರಿದ ಬೀಜವನ್ನೇ ಮಾರಿ. ಬೀಜ ತೇವಕ್ಕೆ ಸ್ವಲ್ಪ ತಡೆದುಕೊಳ್ಳುತ್ತೆ, ರೇಟೂ ಸ್ವಲ್ಪ ಜಾಸ್ತಿ ಸಿಗುತ್ತೆ.